ರೇಷ್ಮೆ ಹುಳುವಿಗೆ ಜ್ವರ ಬರುತ್ತಾ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನಿಗೆ ಸುಮ್ನೆ ಬೈದಿದ್ದೆ. ಗಿಡ ತನ್ನ ಊಟ ಹೇಗೆ ಮಾಡಿಕೊಳ್ಳುತ್ತೆ ಅಂತ ಕೇಳಿದ್ದಕ್ಕೆ ಅವನು ಎದ್ದು ನಿಂತು "ಎಂಡ ತಗೊಂಡು ಸಾರ್" ಅಂದ. ನನಗೆ ಕೇಳಿಸಿದ್ದು ಹೆಂಡ. ಎಂಟನೇ ಕ್ಲಾಸಿನ ಹುಡುಗ ಹೊಸ ಮೇಷ್ಟ್ರನ್ನು ಆಟ ಆಡಿಸ್ತಿದ್ದಾನೆ ಅಂತ ಸಿಟ್ಟು ಬಂತು, ಹೊರಗೆ ನಿಲ್ಲಿಸಿದೆ. ಇಡೀ ಕ್ಲಾಸು ನಕ್ಕಿತು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅಡುಗೆಯ ಅಕ್ಕನಿಂದ ಗೊತ್ತಾಯಿತು, ತೆಲುಗಿನಲ್ಲಿ ಎಂಡ ಅಂದರೆ ಬಿಸಿಲು. ಹುಡುಗನ ಉತ್ತರ ಸರಿಯಾಗಿಯೇ ಇತ್ತು. ಮಕ್ಕಳು ನಕ್ಕಿದ್ದು ನನ್ನನ್ನು ನೋಡಿ.

ನಾನು ತಿಪಟೂರು ಕಡೆಯವನು. ನಮ್ಮ ಕಡೆ ಮನೆಯಲ್ಲೂ ಕನ್ನಡ, ಬೀದಿಯಲ್ಲೂ ಕನ್ನಡ, ಶಾಲೆಯಲ್ಲೂ ಕನ್ನಡ. ಚಿಕ್ಕಬಳ್ಳಾಪುರ ಜಿಲ್ಲೆ ಹಾಗಲ್ಲ. ಶಿಡ್ಲಘಟ್ಟದ ಹತ್ತಿರ ಇರುವ ನಮ್ಮ ಪ್ರೌಢಶಾಲೆಗೆ ಬರುವ ಜಾಸ್ತಿ ಮಕ್ಕಳ ಮನೆಮಾತು ತೆಲುಗು. ಟೌನಿನಿಂದ ಬರುವ ಕೆಲವರದ್ದು ದಖನಿ ಉರ್ದು. ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಗೆ ಬಂದ ಹೊರರಾಜ್ಯದವರ ಮಕ್ಕಳು ಒಬ್ಬಿಬ್ಬರಿದ್ದಾರೆ. ಅವರ ಮನೆಮಾತು ಯಾವುದು ಅಂತ ಕೇಳಿದರೆ "ಹಿಂದಿ ಸಾರ್" ಅಂತಾರೆ, ಅದು ಹಿಂದಿಯೋ ಇನ್ನೊಂದೋ ಅಂತ ನಾನೂ ಕೆದಕಿ ಕೇಳಿದವನಲ್ಲ. ಪುಸ್ತಕ ಕನ್ನಡದ್ದು, ಪರೀಕ್ಷೆ ಕನ್ನಡದಲ್ಲಿ. ಇದರ ಮೇಲೆ 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದವು, ಆ ಬ್ಯಾಚುಗಳು ವರ್ಷಕ್ಕೊಂದು ಮೆಟ್ಟಿಲು ಹತ್ತಿಕೊಂಡು ಬರುತ್ತಿವೆ.

ಎಂಡದ ಪ್ರಸಂಗ ಆದಮೇಲೆ ನಾನು ಬುದ್ಧಿ ಕಲಿತೆ ಅಂತ ಹೇಳಿದರೆ ಸುಳ್ಳಾಗುತ್ತೆ. ನಾನು ಕಲಿತದ್ದು ಇಪ್ಪತ್ತು ತೆಲುಗು ಪದ, ಅಷ್ಟೇ. ಪಾಠ ಮಾತ್ರ ಮೊದಲಿನ ಹಾಗೇ ನಡೆದಿತ್ತು. ಬೋರ್ಡಿನ ಮೇಲೆ ಪದ ಬರೆಯೋದು, ಅರ್ಥ ಹೇಳೋದು, ಬಾಯಿಪಾಠ ಮಾಡಿಸೋದು. ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ಪತ್ರರಂಧ್ರ, ಬಾಷ್ಪವಿಸರ್ಜನೆ. ಮಕ್ಕಳು ಚೆನ್ನಾಗಿಯೇ ಒಪ್ಪಿಸ್ತಿದ್ದರು. ಬಾಷ್ಪವಿಸರ್ಜನೆ ಅಂದರೆ ಏನಪ್ಪಾ ಅಂದರೆ ವ್ಯಾಖ್ಯೆ ಹೇಳೋರು, ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗೆ ನೀರು ಯಾಕೆ ಕೂರುತ್ತೆ ಅಂದರೆ ಸುಮ್ಮನಾಗೋರು.

ನಾನು ಬದಲಾಗಿದ್ದು ಒಂದು ಕಿರುಪರೀಕ್ಷೆಯಿಂದ.

ಕೀಟಗಳ ಜೀವನಚಕ್ರದ ಪಾಠ ಮುಗಿಸಿ, ನಮ್ಮ ಸೀಮೆ ರೇಷ್ಮೆಯ ಸೀಮೆ ಅಲ್ವಾ, ಮಕ್ಕಳಿಗೆ ಸುಲಭ ಆಗಲಿ ಅಂತ ರೇಷ್ಮೆ ಹುಳುವಿನ ಬಗ್ಗೆಯೇ ಒಂದು ಪ್ರಶ್ನೆ ಕೊಟ್ಟಿದ್ದೆ. ಮರಿಹುಳು ಬೆಳೆಯುವ ಹಂತಗಳನ್ನು ವಿವರಿಸಿ, ಮೂರು ಅಂಕ. ಒಬ್ಬಳು ಹುಡುಗಿ ಬರೆದಿದ್ದಳು: "ರೇಷ್ಮೆ ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಬಂದಾಗ ಸೊಪ್ಪು ತಿನ್ನುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಜಾಸ್ತಿ ತಿನ್ನುತ್ತದೆ. ಹಣ್ಣಾದ ಮೇಲೆ ಗೂಡು ಕಟ್ಟುತ್ತದೆ."

ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದು ಅರ್ಧ ಅಂಕ ಕೊಟ್ಟೆ. ಪಕ್ಕದಲ್ಲಿ "ರೋಗದ ಬಗ್ಗೆ ಕೇಳಿಲ್ಲ" ಅಂತ ಬೇರೆ ಬರೆದೆ.

ರೇಷ್ಮೆ ಬೆಳೆಯುವ ಊರಿನವರು ಇದನ್ನು ಓದುತ್ತಿದ್ದರೆ ಈಗಾಗಲೇ ನನ್ನನ್ನು ಬೈಕೊಂಡಿರುತ್ತೀರಿ. ರೇಷ್ಮೆ ಬೆಳೆಗಾರರ ಮಾತಿನಲ್ಲಿ ಹುಳು ಪೊರೆ ಬಿಡುವುದಕ್ಕೇ ಜ್ವರ ಅಂತ ಹೆಸರು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಹುಳುವಿನ ಚರ್ಮ ಮೈಯ ಜೊತೆ ಒಂದು ಮಟ್ಟದವರೆಗೆ ಮಾತ್ರ ಹಿಗ್ಗುತ್ತೆ. ಆಮೇಲೆ ಹುಳು ತಿನ್ನೋದು ಬಿಟ್ಟು, ತಲೆ ಮೇಲೆತ್ತಿ, ಸುಮಾರು ಒಂದು ದಿನ ಅಲ್ಲಾಡದೆ ಕೂತು, ಹಳೆ ಚರ್ಮ ಬಿಟ್ಟು ಹೊಸ ಚರ್ಮದಲ್ಲಿ ಹೊರಗೆ ಬರುತ್ತೆ. ನಾಲ್ಕು ಸಲ ಹೀಗಾದರೆ ಹುಳುವಿಗೆ ಐದು ವಯಸ್ಸು, ಅಂದರೆ ಬೆಳೆಯುವ ಐದು ಹಂತ. ಹುಡುಗಿ ಬರೆದಿದ್ದರಲ್ಲಿ ತಪ್ಪೇ ಇರಲಿಲ್ಲ, ನನ್ನ ನೋಟ್ಸಿಗಿಂತ ಒಂದು ಕೈ ಜಾಸ್ತಿಯೇ ಇತ್ತು. ಕೊನೆಯ ಜ್ವರ ಎದ್ದಮೇಲೆ ಹುಳು ಹೊಟ್ಟೆಬಾಕನ ಹಾಗೆ ತಿನ್ನುತ್ತೆ ಅನ್ನೋದನ್ನು ನಾನು ಕ್ಲಾಸಿನಲ್ಲಿ ಹೇಳಿಯೇ ಇರಲಿಲ್ಲ.

ಆ ಹುಡುಗಿ ಏನೂ ಕೇಳಲಿಲ್ಲ. ಪೇಪರು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು, ಅಷ್ಟೇ. ವಿಷಯ ಹೇಳಿದ್ದು ಪಕ್ಕದಲ್ಲಿ ಕೂರುವವಳು, ಅದೂ ವಾರ ಆದಮೇಲೆ, "ಸಾರ್, ಅವಳ ಮನೇಲಿ ಹುಳ ಮೇಯಿಸ್ತಾರೆ, ನೀವು ಬಂದು ನೋಡಿ" ಅಂತ. ಒಂದು ಶನಿವಾರ ಮಧ್ಯಾಹ್ನ ಹೋದೆ.

ಹುಳು ಮನೆಗೆ ಹೊರಗಿನವರನ್ನು ಸುಲಭವಾಗಿ ಬಿಡೋದಿಲ್ಲ. ಸೋಂಕು ತರ್ತಾರೆ ಅಂತ ಒಂದು, ದೃಷ್ಟಿ ಆಗುತ್ತೆ ಅಂತ ಇನ್ನೊಂದು. ಚಪ್ಪಲಿ ಬಿಟ್ಟು, ಬಾಗಿಲಲ್ಲಿ ಇಟ್ಟಿದ್ದ ಬ್ಲೀಚಿಂಗ್ ನೀರಲ್ಲಿ ಕೈ ತೊಳೆದು ಒಳಗೆ ಹೋದೆ. ಅಜ್ಜಿ ಒಬ್ಬರು ಹುಳದ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ಅವರದ್ದು ಪೂರ್ತಿ ತೆಲುಗು. ಹುಡುಗಿ ನಡುವೆ ನಿಂತು ಕನ್ನಡ ಮಾಡಿ ಹೇಳ್ತಿದ್ದಳು. ಮೂರನೇ ಜ್ವರಕ್ಕೆ ಕೂತಿವೆ, ಈಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಬೇಕು, ಎಲ್ಲ ಒಟ್ಟಿಗೆ ಏಳೋತನಕ ಕಾಯಬೇಕು, ಮೊದಲು ಎದ್ದವಕ್ಕೆ ಅಂತ ಸೊಪ್ಪು ಹಾಕಿದರೆ ಹುಳು ಏರುಪೇರಾಗುತ್ತೆ. ಮೂರು ಅಂಕದ ಪ್ರಶ್ನೆಗೆ ಆ ಅಜ್ಜಿ ಮೂವತ್ತು ಅಂಕದ ಉತ್ತರ ಕೊಟ್ಟರು. ಕೊನೆಗೆ ನಾನು ಕೇಳಿದೆ, ಜ್ವರದಲ್ಲಿ ಹುಳು ಏನು ಮಾಡುತ್ತೆ ಅಂತ. ಅಜ್ಜಿ ಅಂದರು, "ಕುಬುಸಂ ವಿಡುಸ್ತಾಯಿ, ಅಯ್ಯೋರೂ."

ಕುಬುಸಂ! ನಮ್ಮಜ್ಜಿ ರವಿಕೆಗೆ ಕುಬುಸ ಅಂತಿದ್ದಳು. ತೆಲುಗಿನಲ್ಲಿ ಹಾವಿನ ಪೊರೆಗೆ ಕುಬುಸಂ ಅಂತಾರಂತೆ. ಹುಳು ಬಿಗಿಯಾದ ಕುಬುಸ ಬಿಚ್ಚಿಹಾಕಿ ದೊಡ್ಡ ಕುಬುಸ ಹಾಕಿಕೊಳ್ಳುತ್ತೆ. ಒಂದು ಮಟ್ಟದ ಮೇಲೆ ಹಿಗ್ಗದ ಹೊರಚರ್ಮ, ಅದರೊಳಗೆ ಬೆಳೆಯುವ ಮೈ, ಅದಕ್ಕೇ ಕೀಟಗಳು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯೋದು, ಇಷ್ಟೂ ಆ ಒಂದು ಪದದಲ್ಲಿ ಕೂತಿತ್ತು. ಪೊರೆ ಬಿಡೋದಕ್ಕೆ ನಾನು ಬೋರ್ಡಿನ ಮೇಲೆ ಬರೆದಿದ್ದ "ನಿರ್ಮೋಚನೆ"ಯಲ್ಲಿ ಏನು ಕೂತಿತ್ತೋ ದೇವರಿಗೇ ಗೊತ್ತು.

ಸೋಮವಾರ ಕ್ಲಾಸಿನಲ್ಲಿ ಎಲ್ಲರ ಮುಂದೆ ಹುಡುಗಿಗೆ ಅಂಕ ವಾಪಸ್ ಕೊಟ್ಟೆ, ನನ್ನದೇ ತಪ್ಪು ಅಂದೆ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಬಾಯಿತಪ್ಪಿ ಇನ್ನೊಂದು ಕೇಳಿದೆ. ಅದಕ್ಕೆ ಜ್ವರ ಅಂತ ಯಾಕೆ ಅಂತಾರೆ, ಹುಳುವಿಗೆ ನಿಜವಾಗಲೂ ಜ್ವರ ಬರುತ್ತಾ? ಅವತ್ತಿನ ಪಿರಿಯಡ್ ಹೇಗೆ ಮುಗಿಯಿತೋ ಗೊತ್ತಿಲ್ಲ. ಜ್ವರ ಬಂದರೆ ನಾವೂ ಊಟ ಬಿಟ್ಟು ಮಲಗ್ತೀವಲ್ಲ ಅದಕ್ಕೆ ಅಂದ ಒಬ್ಬ. ಇಲ್ಲ, ಮೈ ಬಿಸಿ ಇರುತ್ತೆ, ನಮ್ಮಪ್ಪ ಹೇಳಿದ್ದಾರೆ ಅಂದ ಇನ್ನೊಬ್ಬ. ಅರ್ಧ ಜಗಳ ತೆಲುಗಿನಲ್ಲೇ ಆಯಿತು, ನನಗೆ ಅರ್ಧ ಅರ್ಥ ಆಯಿತು. ಹಾಗಾದರೆ ನೋಡೇಬಿಡೋಣ ಅಂತ ಲ್ಯಾಬಿನ ಥರ್ಮಾಮೀಟರು ಕೊಟ್ಟು ಕಳಿಸಿದೆ. ನಾಲ್ಕನೇ ಜ್ವರಕ್ಕೆ ಕೂತ ಹುಳುಗಳ ನಡುವೆ ಒಂದು ಸಲ, ಎದ್ದು ಸೊಪ್ಪು ತಿನ್ನುವಾಗ ಒಂದು ಸಲ, ಪಕ್ಕದ ಖಾಲಿ ತಟ್ಟೆಯಲ್ಲಿ ಎರಡೂ ಸಲ. ಖಾಲಿ ತಟ್ಟೆ ಯಾಕೆ ಅಂತ ನಾನು ಹೇಳಿಕೊಟ್ಟಿದ್ದಲ್ಲ, ಜಗಳದಲ್ಲೇ ಹುಟ್ಟಿದ ಉಪಾಯ. ವ್ಯತ್ಯಾಸ ಏನೂ ಕಾಣಲಿಲ್ಲ. ಹುಳು ನಮ್ಮ ಹಾಗೆ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳುವ ಪ್ರಾಣಿ ಅಲ್ಲ, ಕೋಣೆ ಎಷ್ಟು ಬೆಚ್ಚಗೋ ಅದೂ ಅಷ್ಟೇ. ಅಪ್ಪ ಹೇಳಿದ್ದಾರೆ ಅಂದ ಹುಡುಗ ಮಾತ್ರ ಒಪ್ಪಲಿಲ್ಲ, ಥರ್ಮಾಮೀಟರು ಸರಿಯಿಲ್ಲ ಅಂದ. ಇರಲಿ, ಅದೂ ಕೇಳಬೇಕಾದ ಮಾತೇ.

ಆಮೇಲೆ ನಾನು ಎಂ.ಎಡ್. ಮಾಡೋಣ ಅಂತ ಕೂತೆ. ಪ್ರಬಂಧಕ್ಕೆ ವಿಷಯ ಹುಡುಕುವಾಗ ಬೇರೆ ಕಡೆ ಯಾರಾದರೂ ಇಂಥದ್ದನ್ನು ನೋಡಿದ್ದಾರಾ ಅಂತ ಹುಡುಕಿದೆ. ನೋಡಿದರೆ ದೊಡ್ಡ ಸಂತೆಯೇ ಇದೆ! ಒಂದೇ ತಮಾಷೆ, ಮನೆಮಾತಿನ ಮಹತ್ವ ಹೇಳುವ ಆ ಲೇಖನಗಳೆಲ್ಲ ಇರೋದು ಇಂಗ್ಲಿಷಿನಲ್ಲಿ, ಅದೂ ಒಂದು ವಾಕ್ಯ ಅರ್ಧ ಪುಟ ಹೋಗುವಂಥ ಇಂಗ್ಲಿಷಿನಲ್ಲಿ. ರಾತ್ರಿ ಓದೋದು, ಬೆಳಗ್ಗೆ ನಮ್ಮನೆಯವರಿಗೆ ಕನ್ನಡದಲ್ಲಿ ಹೇಳೋದು, ಹೇಳುವಾಗ ತೊದಲಿದರೆ ಅರ್ಥ ಆಗಿಲ್ಲ ಅಂತ ಮತ್ತೆ ಓದೋದು. ಓದೋದು ಒಂದು ಭಾಷೆಯಲ್ಲಿ, ಅರ್ಥ ಮಾಡಿಕೊಳ್ಳೋದು ಇನ್ನೊಂದರಲ್ಲಿ. ಇದಕ್ಕೂ ಒಂದು ಹೆಸರಿದೆ ಅಂತ ಆಮೇಲೆ ಗೊತ್ತಾಯಿತು, ಟ್ರಾನ್ಸ್‌ಲ್ಯಾಂಗ್ವೇಜಿಂಗ್. ಬ್ರಿಟನ್ನಿನ ವೇಲ್ಸ್‌ನ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1994ರಲ್ಲಿ ವೆಲ್ಷ್ ಭಾಷೆಯಲ್ಲಿ ಇಟ್ಟ ಹೆಸರಿನ ಇಂಗ್ಲಿಷ್ ರೂಪ. ಅಲ್ಲಿನ ಮಕ್ಕಳು ವೆಲ್ಷ್, ಇಂಗ್ಲಿಷ್ ಎರಡರಲ್ಲೂ ಓದುವವರು. ಪಾಠವನ್ನು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬರೆಯಬೇಕಾದರೆ ವಿಷಯವನ್ನು ಅರಗಿಸಿಕೊಳ್ಳದೆ ಬೇರೆ ದಾರಿಯೇ ಇಲ್ಲ, ಅದು ಲೆಕ್ಕಾಚಾರ.

ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮೆರಿಕದ ಬಾಸ್ಟನ್ ಕಡೆಯ ಕೆಲಸ. ಬೆತ್ ವಾರೆನ್, ಆ್ಯನ್ ರೋಸ್‌ಬರಿ ಅನ್ನುವವರು ಹೈಟಿ ದೇಶದಿಂದ ಬಂದ ಮನೆಗಳ ಮಕ್ಕಳ ವಿಜ್ಞಾನದ ಕ್ಲಾಸುಗಳನ್ನು ವರ್ಷಗಟ್ಟಲೆ ಕೂತು ನೋಡಿದ್ದಾರೆ. ಆ ಮಕ್ಕಳ ಮನೆಮಾತು ಹೈಟಿ ಕ್ರಿಯೋಲ್. 2001ರಲ್ಲಿ ಅಚ್ಚಾದ ಒಂದು ಲೇಖನದಲ್ಲಿ ಒಬ್ಬ ಹುಡುಗನ ಕಥೆ ಬರುತ್ತೆ. ಪಾಠ ಯಾವುದು ಹೇಳಿ ನೋಡೋಣ? ಕೀಟದ ರೂಪಾಂತರ! ಬೆಳೆದು ದೊಡ್ಡದಾಗೋದು ಬೇರೆ, ಒಂದು ರೂಪ ಹೋಗಿ ಇನ್ನೊಂದು ಬರೋದು ಬೇರೆ ಅನ್ನೋದನ್ನು ಅವನು ತನ್ನ ಕ್ರಿಯೋಲ್ ಪದಗಳನ್ನು ಹಿಡಿದುಕೊಂಡು ಬಿಡಿಸಿಕೊಳ್ಳುತ್ತಾನೆ. ಎಲ್ಲಿಯ ಬಾಸ್ಟನ್, ಎಲ್ಲಿಯ ಶಿಡ್ಲಘಟ್ಟ. ನಮ್ಮ ಹುಡುಗಿಯೂ ಅದನ್ನೇ ಮಾಡಿದ್ದಳಲ್ಲ. ಮೊದಲ ನಾಲ್ಕು ಹಂತಕ್ಕೆ ಜ್ವರ, ಕೊನೆಯದಕ್ಕೆ ಹಣ್ಣಾಗೋದು, ಅಂದರೆ ತಿನ್ನೋದು ಬಿಟ್ಟು ಗೂಡು ಕಟ್ಟೋಕೆ ತಯಾರಾಗೋದು. ಎರಡಕ್ಕೂ ಬೇರೆ ಬೇರೆ ಪದ, ಯಾಕಂದರೆ ಆಗೋದೂ ಬೇರೆ ಬೇರೆ. ಮನೆಯ ಮಾತು ವಿಜ್ಞಾನಕ್ಕೆ ಅಡ್ಡ ಬರುತ್ತೆ, ಮೊದಲು ಅದನ್ನು ಬಿಡಿಸಬೇಕು ಅಂತ ನಂಬಿದ್ದವನು ನಾನು. ಆ ಲೇಖನ ಓದಿದ ರಾತ್ರಿ ನನ್ನ ಕೆಂಪು ಪೆನ್ನು ಬಹಳ ನೆನಪಾಯಿತು.

ಇನ್ನೊಂದು ಅಮೆರಿಕದ್ದೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ರಯನ್ ಬ್ರೌನ್ ಮತ್ತು ಜೊತೆಯವರದ್ದು, 2008ರದ್ದು. ಐದನೇ ತರಗತಿ ಮಕ್ಕಳಿಗೆ ಗಿಡ ಊಟ ಮಾಡಿಕೊಳ್ಳುವ ಅದೇ ಪಾಠ. ಒಂದು ಗುಂಪಿಗೆ ಶುರುವಿನಿಂದಲೇ ಶಾಸ್ತ್ರದ ಪದಗಳು. ಇನ್ನೊಂದು ಗುಂಪಿಗೆ ಮೊದಲು ದಿನಬಳಕೆಯ ಮಾತಿನಲ್ಲಿ ವಿಷಯ, ಅದು ತಲೆಗೆ ಹೋದಮೇಲೆ ಪದ. ಎರಡನೇ ಗುಂಪೇ ಮುಂದೆ ಬಂತು. ಓದಿದಾಗ ಇದರಲ್ಲೇನು ದೊಡ್ಡದು ಅನ್ನಿಸಿತು, ನಮ್ಮ ಹಳೆ ಮೇಷ್ಟ್ರುಗಳು ಹೇಳ್ತಿದ್ದದ್ದೇ. ಆದರೆ ನನ್ನ ಪಾಠಟಿಪ್ಪಣಿ ತೆಗೆದು ನೋಡಿದೆ. ಒಂದೊಂದು ಪಾಠವೂ "ಪ್ರಮುಖ ಪದಗಳು" ಅಂತಲೇ ಶುರು.

ಈ ಪದಗಳ ವಿಷಯಕ್ಕೆ ಬಂದರೆ ಇನ್ನೊಂದು ಹೇಳಬೇಕು. ನಮ್ಮ ದ್ಯುತಿಸಂಶ್ಲೇಷಣೆಗೆ ಗಡಿಯ ಆಚೆ, ಮದನಪಲ್ಲಿಯಲ್ಲಿ ಓದುವ ತೆಲುಗು ಮಾಧ್ಯಮದ ಮಕ್ಕಳು ಕಿರಣಜನ್ಯ ಸಂಯೋಗಕ್ರಿಯ ಅಂತ ಕಲೀತಾರೆ. ಹಾಗಾಗಿ ತೆಲುಗಿನಲ್ಲಿ ಪಾಠ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂದುಕೊಂಡರೆ ಅದೂ ತಪ್ಪು, ಆ ಪದ ಹುಳು ಮನೆಯ ಆ ಅಜ್ಜಿಯ ತೆಲುಗಿನಲ್ಲಿ ಎಲ್ಲಿದೆ? ತಮಿಳಿನವರು ಒಳಿಚ್ಚೇರ್ಕೈ ಅಂತಾರೆ, ಬೆಳಕು ಸೇರೋದು ಅಂತ ಅರ್ಥ. ಅದು ಪರವಾಗಿಲ್ಲ, ಮಗು ಪದ ಬಿಡಿಸಿ ನೋಡಬಹುದು. ತಿಪಟೂರಿನ ನನ್ನ ಅಕ್ಕನ ಮಗ ಅಪ್ಪಟ ಕನ್ನಡದವನು. ದ್ಯುತಿಸಂಶ್ಲೇಷಣೆ ಅವನಿಗೂ ಅಷ್ಟೇ ದೂರ.

ನಿಜ ಹೇಳಬೇಕಂದರೆ ದೊಡ್ಡ ಪದಗಳೇ ಮುಖ್ಯ ಕಷ್ಟ ಅಲ್ಲ. ಮಕ್ಕಳು ಪದ ಹೇಗೋ ನುಂಗ್ತಾರೆ. ಎಡವೋದು ಪುಸ್ತಕದ ವಾಕ್ಯದಲ್ಲಿ. "ಹೊರಹಾಕಲ್ಪಡುತ್ತದೆ", "ಎಂದು ಪರಿಗಣಿಸಲಾಗುತ್ತದೆ", "ಪರಿಣಾಮವಾಗಿ". ಯಾರು ಹೊರಹಾಕಿದರು, ಯಾರು ಪರಿಗಣಿಸಿದರು, ಪತ್ತೆಯೇ ಇಲ್ಲ. ಎರಡು ಭಾಷೆಯಲ್ಲಿ ಕಲಿಯುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ ಅಂತ ಗೆರೆ ಎಳೆದು ತೋರಿಸಿದ್ದಾರೆ. ಹೊಸ ಭಾಷೆಯಲ್ಲಿ ಆಡಿಕೊಂಡು ಮಾತಾಡಿಕೊಂಡು ಇರೋದಕ್ಕೆ ಸುಮಾರು 2 ವರ್ಷ ಸಾಕು, ಅದೇ ಭಾಷೆಯಲ್ಲಿ ಓದಿ ಬರೆದು ಉಳಿದವರ ಸಮ ಬರೋದಕ್ಕೆ 5ರಿಂದ 7 ವರ್ಷ ಬೇಕು ಅಂತ ಅವರ ಲೆಕ್ಕ. ನಮ್ಮ ಮಕ್ಕಳು ಕಬಡ್ಡಿ ಮೈದಾನದಲ್ಲಿ ಕನ್ನಡದಲ್ಲಿ ಚೆನ್ನಾಗಿ ಜಗಳ ಆಡ್ತಾರೆ. ಅದನ್ನು ಕೇಳಿ ನಾವು ಇವರಿಗೆ ಕನ್ನಡ ಬರುತ್ತೆ ಅಂತ ತೀರ್ಮಾನ ಮಾಡ್ತೀವಿ. ವಿಜ್ಞಾನದ ಪೇಪರಿನಲ್ಲಿ ಸೊನ್ನೆ ಬಂದರೆ ದಡ್ಡ ಅಂತೀವಿ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ ಬೈಸಿಕೊಂಡಿದ್ದೂ ಇದೆ. "ಕನ್ನಡ ಶಾಲೇಲಿ ತೆಲುಗು ಮಾತಾಡಿಸ್ತೀರಾ ಸಾರ್? ಗಡಿ ಜಿಲ್ಲೆ ಇದು, ಗೊತ್ತಲ್ಲ" ಅಂದರು ಹಿರಿಯ ಸಹೋದ್ಯೋಗಿ ಒಬ್ಬರು. ಅವರ ಸಂಕಟ ನನಗೆ ಅರ್ಥ ಆಗುತ್ತೆ. ಕನ್ನಡದ ಮೇಲೆ ನನಗೇನು ಪ್ರೀತಿ ಕಮ್ಮಿಯಾ? ಆದರೆ ಜ್ವರದ ಜಗಳ ಆದಮೇಲೆ ಮಕ್ಕಳು ಬರೆದ ಅರ್ಧ ಪುಟ, ನನ್ನ ಕ್ಲಾಸಿನಲ್ಲಿ ಅವರು ಅಲ್ಲಿಯವರೆಗೆ ಬರೆದಿದ್ದ ಎಲ್ಲ ಕನ್ನಡಕ್ಕಿಂತ ಚೆನ್ನಾಗಿತ್ತು. ಹೇಳೋದಕ್ಕೆ ಏನೋ ಇತ್ತು, ಅದಕ್ಕೆ ಬರೆದರು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಲ್ಲಿ ಮಾರ್ಗಿ ಪ್ರೋಬಿನ್ ಅನ್ನುವವರು ಎಂಟು ಜನ ವಿಜ್ಞಾನ ಶಿಕ್ಷಕರ ಪಾಠ ನೋಡಿ ಬರೆದಿದ್ದನ್ನು ಆ ಸಹೋದ್ಯೋಗಿಗೆ ಹೇಳಿದೆ. ಅಲ್ಲಿ ಮನೆಮಾತು ಕೋಸಾ, ಪಾಠ ಇಂಗ್ಲಿಷಿನಲ್ಲಿ. ಆ ಎಂಟರಲ್ಲಿ ಒಬ್ಬರು ಎದ್ದು ಕಾಣುತ್ತಾರೆ. ವಿಷಯವನ್ನು ಕೋಸಾದಲ್ಲಿ ಕಟ್ಟಿ, ಕಟ್ಟಿದ ಮೇಲೆ ಮಕ್ಕಳನ್ನು ಇಂಗ್ಲಿಷಿಗೆ ದಾಟಿಸುತ್ತಾರೆ. ಬಾಯಿಗೆ ಬಂದ ಹಾಗೆ ಎರಡು ಭಾಷೆ ಕಲಸೋದಲ್ಲ, ಯಾವಾಗ ಯಾವುದು ಅಂತ ಯೋಚನೆ ಇರುತ್ತೆ. ಸಹೋದ್ಯೋಗಿ ಕೇಳಿಸಿಕೊಂಡು "ಎಂಟರಲ್ಲಿ ಒಬ್ಬರೇ ಅಲ್ವಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕೇಳದ, ಆದರೆ ನನ್ನನ್ನು ಅದಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ಬೇರೆ ಇದೆ. ಕ್ಲಾಸಿಗೆ ಮನೆಮಾತು ಬರಲಿ ಅಂತ ಬಾಗಿಲು ತೆಗೆದರೆ ನಮ್ಮಲ್ಲಿ ಒಳಗೆ ನುಗ್ಗೋದು ತೆಲುಗು. ನಲವತ್ತು ಮಕ್ಕಳು ತೆಲುಗಿನಲ್ಲಿ ಗಲಾಟೆ ಮಾಡುವಾಗ ದಖನಿಯ ಐದಾರು ಮಕ್ಕಳು, ಹೊರರಾಜ್ಯದ ಆ ಒಬ್ಬ ಹುಡುಗ ಮೂಲೆ ಸೇರ್ತಾರೆ. ಕನ್ನಡ ಇದ್ದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟ ಇತ್ತು, ಈಗ ಕೆಲವರಿಗೇ ಪೂರ್ತಿ ಕಷ್ಟ. ಜ್ವರದ ಪಾಠದ ದಿನ ಕಿಟಕಿ ಪಕ್ಕ ಕೂರುವ ಒಬ್ಬ ಹುಡುಗ ಒಂದು ಮಾತೂ ಆಡಿರಲಿಲ್ಲ. ಅವನ ಅಪ್ಪ ಕುದಿಯುವ ನೀರಿನಲ್ಲಿ ಗೂಡು ಹಾಕಿ ನೂಲು ತೆಗೆಯುವವರು, ಗೂಡಿನ ಅಂಟು ಬಿಸಿನೀರಿಗೆ ಮೆತ್ತಗಾದಮೇಲೆ ಎಳೆಯ ತುದಿ ಹುಡುಕೋದು ಹೇಗೆ ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೇಳಲೇ ಇಲ್ಲ. ಈಗ ಗುಂಪು ಮಾಡುವಾಗ ನೋಡಿ ಕೂರಿಸ್ತೀನಿ, ಮೊದಲ ಹತ್ತು ನಿಮಿಷ ಅವರವರ ಮಾತಿನಲ್ಲಿ, ಆಮೇಲೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು ಅಂತ. ಕೆಲವು ದಿನ ನಡೆಯುತ್ತೆ, ಕೆಲವು ದಿನ ಸಂತೆಯಾಗುತ್ತೆ. ಪೋರ್ಷನ್ ಹಿಂದೆ ಬೀಳುತ್ತೆ, ಹೆಡ್‌ಮಾಸ್ಟರ್ ಕರೆದು ಕೇಳ್ತಾರೆ.

ಪರೀಕ್ಷೆಯ ತಲೆನೋವು ಹಾಗೇ ಇದೆ. ಎಸ್ಸೆಸ್ಸೆಲ್ಸಿ ಪೇಪರು ತಿದ್ದುವವರು ಮಾದರಿ ಉತ್ತರ ಹಿಡಿದುಕೊಂಡು ಕೂತಿರ್ತಾರೆ, ಅವರಿಗೆ ಜ್ವರವೂ ಗೊತ್ತಿಲ್ಲ ಕುಬುಸವೂ ಗೊತ್ತಿಲ್ಲ. ಅದಕ್ಕೆ ಪುಸ್ತಕದ ಪದವನ್ನು ನಾನು ಬಿಡೋದಿಲ್ಲ, ಕೊನೆಗೆ ಕಲಿಸಿಯೇ ಕಲಿಸ್ತೀನಿ. ಆ ಹುಡುಗಿ ಮುಂದಿನ ಪರೀಕ್ಷೆಯಲ್ಲಿ ಬರೆದಿದ್ದು ಹೀಗೆ: "ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನು ನಾವು ಜ್ವರ ಅನ್ನುತ್ತೇವೆ. ಆದರೆ ಮೈ ಬಿಸಿ ಇರುವುದಿಲ್ಲ, ಅಳೆದು ನೋಡಿದ್ದೇವೆ."

ಈಗ ಆ ಬ್ಯಾಚು ಒಂಬತ್ತಕ್ಕೆ ಬಂದಿದೆ. ಹೋದ ವಾರ ಪರಮಾಣು ಪಾಠ. ನನಗೆ ಒಳಗೊಳಗೇ ಹೆದರಿಕೆ, ಇದನ್ನು ಯಾವ ಅಜ್ಜಿಯ ಹತ್ತಿರ ಕೇಳಲಿ ಅಂತ. ತೆಲುಗಿನಲ್ಲೂ ಪರಮಾಣುವೇ. ಸೀಮೆಸುಣ್ಣ ಒಡೆಯುತ್ತಾ ಹೋದೆ, ಅರ್ಧ, ಅರ್ಧದಲ್ಲಿ ಅರ್ಧ, ಪುಡಿ, ಇನ್ನೂ ಸಣ್ಣದು, ಕಣ್ಣಿಗೆ ಕಾಣದಷ್ಟು ಸಣ್ಣದು, ನಿಮ್ಮ ಮನೆಯಲ್ಲಿ ಇದಕ್ಕೆ ಏನಾದರೂ ಅಂತಾರಾ ಅಂತ ಕೇಳಿದೆ. ತೆಲುಗಿನ ಪಡೆ ಮೊದಲ ಸಲ ಸುಮ್ಮನಿತ್ತು. ಕಿಟಕಿ ಪಕ್ಕದವನು ಕೈ ಎತ್ತಿದ. "ಜರ್ರಾ ಸಾರ್. ಮದರಸಾದಲ್ಲಿ ಹಜರತ್ ಹೇಳಿದ್ದಾರೆ. ನಾವು ಒಂದು ಚೂರು ಅನ್ನೋಕೆ ಜರಾ ಅಂತೀವಲ್ಲ, ಅದೂ ಅದೇ ಅಂತೆ."

ಬೋರ್ಡಿನ ಮೇಲೆ ಬರೆಯೋಣ ಅಂತ ಕೈ ಎತ್ತಿದರೆ ಸೀಮೆಸುಣ್ಣ ಇರಲಿಲ್ಲ, ಪೂರ್ತಿ ಪುಡಿ ಮಾಡಿಬಿಟ್ಟಿದ್ದೆ. ಅವನೇ ಓಡಿಹೋಗಿ ಆಫೀಸಿನಿಂದ ತಂದ.